ಪಾಂಡಿಚೇರಿ ಬೀಚಿನ ಮರಳು ಹಡಗಿನಲ್ಲಿ ಬಂದಿದ್ದಂತೆ, ನಿಜವಾ?

ಟಮಕದ ಹುಡುಗ
ಹೋದ ಹುಣ್ಣಿಮೆಗೆ ತಿರುವಣ್ಣಾಮಲೈ ಗಿರಿ ಪ್ರದಕ್ಷಿಣೆಗೆ ಹೋಗಿದ್ದೆವು. ಮಕ್ಕಳು ಹಟ ಹಿಡಿದವು ಅಂತ ಅಲ್ಲಿಂದ ಹಾಗೇ ಪಾಂಡಿಚೇರಿಗೂ ಹೋಗಿ ಬಂದೆವು. ನಾನು ಮೊದಲು ಹೋಗಿದ್ದು 2009ರಲ್ಲಿ, ಕಾಲೇಜು ಗೆಳೆಯರ ಜೊತೆ. ಆಗ ಗಾಂಧಿ ಪ್ರತಿಮೆ ಹತ್ತಿರ ಬೀಚ್ ಅನ್ನೋದಕ್ಕೆ ಏನೂ ಇರಲಿಲ್ಲ. ರಸ್ತೆ, ಪಕ್ಕದಲ್ಲಿ ಕರಿ ಬಂಡೆ, ಬಂಡೆಗೆ ಬಡಿಯುವ ಅಲೆ, ಅಷ್ಟೇ. ಕಾಲು ಒದ್ದೆ ಮಾಡಿಕೊಳ್ಳದೆ ವಾಪಸ್ ಬಂದಿದ್ದೆವು.

ಈ ಸಲ ನೋಡಿದರೆ ಮರಳು! ನನ್ನ ಮಗಳು ನೀರಿನ ಬಾಟಲಿಗೆ ಮರಳು ತುಂಬಿಕೊಂಡು ಕೋಲಾರದವರೆಗೂ ತಂದಿದ್ದಾಳೆ.

ಟೀ ಅಂಗಡಿಯವರನ್ನು ಕೇಳಿದೆ. ತಾನಾಗಿ ಬಂದಿದ್ದಲ್ಲ ಸಾರ್, ಕಡಲಲ್ಲಿ ಹೂಳೆತ್ತಿ ಪೈಪಿನಲ್ಲಿ ತಂದು ಸುರಿದಿದ್ದು ಅಂದರು. ಅಲ್ಲಿಂದ ಶುರು ನಮ್ಮ ಭಾವನ ಭಾಷಣ. "ನಮ್ಮೂರ ಕೆರೆ ಹೂಳೆತ್ತೋಕೆ ದುಡ್ಡಿಲ್ಲ, ಇವರು ಕಡಲಿಗೆ ಮರಳು ಹಾಕ್ತಾರೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ." ಕೃಷ್ಣಗಿರಿ ದಾಟಿದರೂ ನಿಲ್ಲಿಸಲಿಲ್ಲ.

ಗೊತ್ತಿರುವವರು ಹೇಳಿ. ಇದು ನಿಜವಾ? ನಿಜ ಆದರೆ ಸುರಿದ ಮರಳನ್ನು ಅಲೆ ಮತ್ತೆ ಎಳೆದುಕೊಂಡು ಹೋಗಲ್ವಾ?

ಬಂಗಾರಪೇಟೆ ಪಾನಿಪುರಿ
ಕಡಲೇ ಇಲ್ಲದ ಜಿಲ್ಲೆಯಲ್ಲಿ ಬೀಚಿನ ಚರ್ಚೆ. ಸೂಪರ್.

ಸಿವಿಲ್ ಸೀನ
ನಿಜ. ನಾನು ಇದೇ ಕೆಲಸ ಹತ್ತಿರದಿಂದ ನೋಡಿದ್ದೇನೆ, ಪಾಂಡಿಚೇರಿಯಲ್ಲಲ್ಲ, ವಿಶಾಖಪಟ್ಟಣದಲ್ಲಿ. ಮೂರು ವರ್ಷ ಅಲ್ಲಿ ಸೈಟ್ ಎಂಜಿನಿಯರ್ ಆಗಿದ್ದೆ.

ಅಲ್ಲಿ 1970ರ ದಶಕದಲ್ಲಿ ಹೊರ ಬಂದರು ಕಟ್ಟಿದರು. ಅದಕ್ಕೆ ಕಡಲೊಳಗೆ ಉದ್ದಕ್ಕೆ ಕಲ್ಲಿನ ಗೋಡೆ, ಅಂದರೆ ಬ್ರೇಕ್‌ವಾಟರ್. ನಮ್ಮ ಪೂರ್ವ ಕರಾವಳಿಯಲ್ಲಿ ಮರಳು ಒಂದೇ ಕಡೆ ಕೂತಿರಲ್ಲ. ವರ್ಷದ ಬಹುಪಾಲು ಅಲೆ ದಕ್ಷಿಣದಿಂದ ಓರೆಯಾಗಿ ಬಡಿಯುತ್ತೆ, ಅದರ ಜೊತೆ ಮರಳು ದಡದುದ್ದಕ್ಕೂ ಉತ್ತರಕ್ಕೆ ಸಾಗುತ್ತೆ. ಗೋಡೆ ಅಡ್ಡ ಬಂದರೆ ಅಲ್ಲೇ ನಿಲ್ಲುತ್ತೆ. ಉತ್ತರದ ರಾಮಕೃಷ್ಣ ಬೀಚಿಗೆ ಬರೋದು ಕಡಿಮೆ, ಹೋಗೋದು ಮಾತ್ರ ಮೊದಲಿನಷ್ಟೇ. ಬೀಚ್ ಕರಗುತ್ತೆ.

ಅದಕ್ಕೇ ಗೋಡೆ ಪಕ್ಕ ಕಡಲ ತಳದಲ್ಲಿ ಗುಂಡಿ ಮಾಡಿ ಬಿಟ್ಟಿದ್ದಾರೆ, ಮರಳು ಅದರಲ್ಲಿ ಬೀಳಲಿ ಅಂತ. ಅದನ್ನು ಡ್ರೆಜರ್ ಹಡಗು ಹೀರಿ, ಪೈಪಿನಲ್ಲಿ ಬೀಚಿಗೆ ತಳ್ಳುತ್ತೆ. ಬಂದರಿಗೆ ಆಳ ಸಿಗುತ್ತೆ, ಬೀಚಿಗೆ ಮರಳು ಸಿಗುತ್ತೆ. ನಿಮ್ಮ ಭಾವನಿಗೆ ಹೇಳಿ, ಕಡಲಿಗೆ ಹೊಸದಾಗಿ ಮರಳು ಹಾಕುತ್ತಿಲ್ಲ. ನಾವೇ ಅಡ್ಡಗಟ್ಟಿದ್ದನ್ನು ಆಚೆ ದಾಟಿಸುತ್ತಿದ್ದೇವೆ, ಅಷ್ಟೇ.

ಮುಳಬಾಗಿಲು ದೋಸೆ
ಅಂದರೆ ಮೊದಲು ದುಡ್ಡು ಕೊಟ್ಟು ಗೋಡೆ ಕಟ್ಟೋದು. ಆಮೇಲೆ ಗೋಡೆ ತಡೆದಿದ್ದನ್ನು ದಾಟಿಸೋಕೆ ವರ್ಷಾ ವರ್ಷ ದುಡ್ಡು ಕೊಡೋದು. ಭಾವ ಹೇಳಿದ್ದರಲ್ಲಿ ತಪ್ಪೇನಿದೆ?

ಸಿವಿಲ್ ಸೀನ
ಬಂದರು ಬೇಡ ಅಂದರೆ ತಪ್ಪೇನಿಲ್ಲ. ಬೇಕು ಅಂದರೆ ಇದು ಅದರ ಬಾಡಿಗೆ.

ನಂದಿ ತಪ್ಪಲು
ಪಾಂಡಿಚೇರಿ ಕಥೆಯೂ ಹೆಚ್ಚು ಕಡಿಮೆ ಅದೇ. ಊರಿನ ದಕ್ಷಿಣಕ್ಕೆ ಅರಿಯಾಂಕುಪ್ಪಂ ನದಿ ಕಡಲು ಸೇರುವ ಜಾಗದಲ್ಲಿ 1980ರ ದಶಕದ ಕೊನೆಗೆ ಬಂದರಿನ ಎರಡು ಗೋಡೆ ಬಂದವು. ತಡೆದ ಮರಳನ್ನು ಪಂಪ್ ಮಾಡಿ ಉತ್ತರಕ್ಕೆ ದಾಟಿಸುವುದೂ ಯೋಜನೆಯಲ್ಲೇ ಇತ್ತು. ಅದು ಸರಿಯಾಗಿ ನಡೆಯಲಿಲ್ಲ. ಊರ ಮುಂದಿನ ಬೀಚ್ ಹೋಯಿತು, ಬಂಡೆ ಬಂತು. ನೀವು 2009ರಲ್ಲಿ ನೋಡಿದ್ದು ಅದನ್ನೇ.

ಆಮೇಲೆ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು 2018ರಲ್ಲಿ ಸೆಕ್ರೆಟೇರಿಯಟ್ ಎದುರು ನೀರಿನೊಳಗೆ ಉಕ್ಕಿನ ದೊಡ್ಡ ಬೆಣೆ ಥರದ್ದೊಂದನ್ನು ಮುಳುಗಿಸಿಟ್ಟರು, ಅದಕ್ಕೆ ರೀಫ್ ಅಂತಾರೆ. ಅಲೆಯ ಜೋರು ಅಲ್ಲೇ ಮುರಿಯುತ್ತೆ, ಹಿಂದೆ ಮರಳು ಕೂರುತ್ತೆ. ಬಂದರಿನ ಬಾಯಲ್ಲಿ ಎತ್ತಿದ ಮರಳನ್ನೂ ಸುರಿದರು. ಬರೀ ಸುರಿದಿದ್ದರಿಂದ ಬೀಚ್ ಬಂತು ಅನ್ನೋದೂ ಪೂರ್ತಿ ಸರಿಯಲ್ಲ, ಬರೀ ಬೆಣೆಯಿಂದ ಅನ್ನೋದೂ ಅಲ್ಲ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಆ ಮರಳು ಯಾರದ್ದು ಗೊತ್ತಾ? ನಮ್ಮದು! ದಕ್ಷಿಣ ಪಿನಾಕಿನಿ ನಂದಿ ಬೆಟ್ಟದ ಪಕ್ಕದ ಚೆನ್ನಕೇಶವ ಬೆಟ್ಟದಲ್ಲಿ ಹುಟ್ಟಿ, ಹೊಸಕೋಟೆ ಕೆರೆ, ಹೊಸೂರು, ಕೃಷ್ಣಗಿರಿ ದಾಟಿ, ಕಡಲೂರಿನ ಹತ್ತಿರ ಸಮುದ್ರ ಸೇರುತ್ತೆ. ಅಲ್ಲಿಂದ ಪಾಂಡಿಚೇರಿ ಉತ್ತರಕ್ಕೆ ಇಪ್ಪತ್ತು ಕಿಲೋಮೀಟರ್ ಆಚೀಚೆ. ಮರಳು ಉತ್ತರಕ್ಕೆ ಸಾಗುತ್ತೆ ಅಂತ ಸೀನಣ್ಣ ಹೇಳಿದರಲ್ಲ. ನಂದಿ ಬೆಟ್ಟದ ಬಂಡೆ ಪುಡಿಯಾಗಿ ಪಾಂಡಿಚೇರಿಯಲ್ಲಿ ಬೀಚ್ ಆಗಿದೆ. ಟಮಕದ ಪಾಪು ನಮ್ಮ ಮರಳನ್ನು ನಮಗೇ ವಾಪಸ್ ತಂದಿದೆ.

ಬಂಗಾರಪೇಟೆ ಪಾನಿಪುರಿ
ಹಾಗಿದ್ದರೆ ಪಾಂಡಿಚೇರಿಯವರಿಂದ ರಾಯಲ್ಟಿ ವಸೂಲಿ ಮಾಡಿ.

ಕೆರೆ ಮೇಷ್ಟ್ರು
ನಂದಿ ತಪ್ಪಲು ಅವರೇ, ನದಿಯ ದಾರಿ ಸರಿಯಾಗಿ ಹೇಳಿದ್ದೀರಿ. ಲೆಕ್ಕ ಸ್ವಲ್ಪ ಜಾಸ್ತಿ ಆಯಿತು. ದಾರಿಯಲ್ಲಿ ಕೆಲವರಪಳ್ಳಿ ಅಣೆ ಇದೆ, ಕೃಷ್ಣಗಿರಿ ಅಣೆ ಇದೆ, ಸಾತನೂರು ಅಣೆ ಇದೆ. ಅದಕ್ಕೂ ಮೊದಲು ನಮ್ಮ ಕಡೆ ಸಾಲು ಸಾಲು ಕೆರೆ. ನೀರು ನಿಂತ ಕಡೆ ಮರಳು ಮುಳುಗುತ್ತದೆ. ಸಾವಿರಾರು ವರ್ಷದ ಹಿಂದೆ ನಿಮ್ಮ ಬೆಟ್ಟದ ಕಣ ಹೋಗಿರಬಹುದು. ಈಗ ಹೋಗುವುದರಲ್ಲಿ ಹೆಚ್ಚಿನದು ಸಾತನೂರಿನ ಕೆಳಗಿನದ್ದೇ ಇರಬೇಕು. ಅಲ್ಲೂ ಲಾರಿಗಳು ಬಿಟ್ಟಷ್ಟು.

ಕಡಲ ದಡ ಕರಗುವುದಕ್ಕೆ ಬಂದರಿನ ಗೋಡೆ ಒಂದೇ ಕಾರಣ ಅಲ್ಲ ಅಂತ ಹೇಳಲು ಇಷ್ಟು ಬರೆದೆ. ಮೇಲಿನಿಂದ ಬರುವ ಮರಳನ್ನು ಅಣೆಕಟ್ಟು ತಡೆಯಿತು, ಉಳಿದಿದ್ದು ಕಟ್ಟಡಕ್ಕೆ ಹೋಯಿತು. ನಮ್ಮ ಪಾಲಾರ್ ನೋಡಿ. ಇಲ್ಲೇ ಹುಟ್ಟಿ, ಬೇತಮಂಗಲದ ಮೇಲೆ ಹಾದು, ಕಲ್ಪಾಕ್ಕಂ ಹತ್ತಿರ ಕಡಲು ಸೇರುವ ನದಿ. ನಾನು ಹುಡುಗನಾಗಿದ್ದಾಗ ಅದರ ಪಾತ್ರದಲ್ಲಿ ಮೊಣಕೈವರೆಗೆ ತೋಡಿದರೆ ನೀರು ಬರುತ್ತಿತ್ತು. ಅಷ್ಟು ಮರಳು. ಈಗ ಜಾಲಿ.

ಮಾಲೂರು ಹೆಂಚು
ಮೇಷ್ಟ್ರೇ, ಮರಳಿನ ವಿಷಯ ಬಂದ ಮೇಲೆ ನಮ್ಮ ಫಿಲ್ಟರ್ ಮರಳು ಬಿಟ್ಟರೆ ಹೇಗೆ?

ಗೊತ್ತಿಲ್ಲದ ಈಗಿನ ಹುಡುಗರಿಗೆ: ಕೆರೆ ಅಂಗಳದ ಮಣ್ಣನ್ನೋ ಗೋಮಾಳದ ಮಣ್ಣನ್ನೋ ಅಗೆದು ತಂದು ಗುಂಡಿಗೆ ಹಾಕಿ, ಮೋಟಾರಿನಲ್ಲಿ ನೀರು ಬಿಟ್ಟು ಕಲಸುತ್ತಾರೆ. ಜೇಡಿ ಕರಗಿ ನೀರಿನ ಜೊತೆ ಕಾಲುವೆಗೆ ಹೋಗುತ್ತೆ. ತಳದಲ್ಲಿ ಉಳಿದಿದ್ದೇ ಮರಳು. ರಾತ್ರಿ ಹೊತ್ತು ಲೋಡ್, ಬೆಳಗಾಗೋದರೊಳಗೆ ಬೆಂಗಳೂರು. ನಮ್ಮನೆ ಮೊದಲ ಮಹಡಿ ಆ ಮರಳಿನದ್ದೇ. ಮೇಸ್ತ್ರಿ ಒಳ್ಳೆ ಹೊಳೆ ಮರಳು ಅಂತ ಪ್ರಮಾಣ ಮಾಡಿದ್ದ. ಎರಡೇ ಮಳೆಗಾಲಕ್ಕೆ ಗಾರೆ ಹಪ್ಪಳದ ಥರ ಎದ್ದು ಬಂತು. ಜೇಡಿ ಪೂರ್ತಿ ಹೋಗಿರಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಕಡಲ ತಳದ ಹೂಳಿನಲ್ಲೂ ಜೇಡಿ ಇರಬೇಕಲ್ವಾ? ಅದನ್ನೇ ಬೀಚಿಗೆ ಹಾಕಿದರೆ ಕೆಸರಾಗಲ್ವಾ?

ಸಿವಿಲ್ ಸೀನ
ಹೆಂಚಣ್ಣ ಸರಿಯಾದ ಜಾಗಕ್ಕೆ ಕೈ ಹಾಕಿದ್ದಾರೆ. ಎತ್ತಿದ ಹೂಳೆಲ್ಲಾ ಬೀಚಿಗೆ ಆಗಿಬರಲ್ಲ. ಬಂದರಿನ ಒಳಗೆ ನೀರು ಅಲ್ಲಾಡದ ಕಡೆ ಕೂರೋದು ಕೆಸರು, ಅದನ್ನು ದೂರ ಕಡಲಿಗೆ ಒಯ್ದು ಬಿಡ್ತಾರೆ. ಗೋಡೆ ಪಕ್ಕ, ಬಂದರಿನ ಬಾಯಲ್ಲಿ ಕೂರೋದು ಮರಳು. ಬೀಚಿಗೆ ಬೇಕಾಗಿರೋದು ಇದು.

ಹಡಗು ಮಾಡೋದೂ ನಿಮ್ಮ ಫಿಲ್ಟರ್ ಕೆಲಸವನ್ನೇ. ಹಡಗಿನ ಪಕ್ಕದಲ್ಲಿ ದಪ್ಪ ಪೈಪ್ ಕಡಲ ತಳಕ್ಕೆ ಇಳಿಬಿಡ್ತಾರೆ. ಹಡಗು ನಿಧಾನ ಸಾಗುತ್ತಾ ತಳದ ಮರಳನ್ನು ನೀರಿನ ಸಮೇತ ಹೀರಿ ಹೊಟ್ಟೆ ತುಂಬಿಕೊಳ್ಳುತ್ತೆ. ಹೊಟ್ಟೆ ತುಂಬಿದ ಮೇಲೂ ಹೀರುತ್ತಾನೇ ಇರುತ್ತೆ. ಮರಳು ತಳಕ್ಕೆ ಕೂರುತ್ತೆ, ಸಣ್ಣ ಜೇಡಿ ಮೇಲಿನ ನೀರಿನ ಜೊತೆ ಹೊರಗೆ ಚೆಲ್ಲುತ್ತೆ. ಆಮೇಲೆ ದಡದ ಹತ್ತಿರ ಬಂದು ಪೈಪಿಗೆ ಜೋಡಿಸಿಕೊಂಡು ತಳ್ಳುತ್ತೆ. ಇನ್ನೊಂದು ಥರದ ಹಡಗು ಒಂದೇ ಕಡೆ ನಿಂತು, ತಿರುಗುವ ಹಲ್ಲಿನಲ್ಲಿ ತಳ ಕೆರೆದು, ನೇರ ಪೈಪಿಗೇ ಕೊಡುತ್ತೆ.

ನೋಡೋಕೆ ಚಂದ ಏನಿಲ್ಲ. ಪೈಪಿನ ಬಾಯಿಂದ ಬರೋದು ಕಪ್ಪು ಗಂಜಿ. ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರೇ. ಕೊಳೆತ ಮೊಟ್ಟೆ ವಾಸನೆ. ಪೈಪ್ ಒಂದೊಂದು ಸಲ ಕೆಮ್ಮಿದ ಹಾಗೆ ಗೊಗ್ಗ್ ಅಂದು ಚಿಪ್ಪು, ಹರಿದ ಬಲೆ ಚೂರು ಎಲ್ಲಾ ಉಗುಳುತ್ತೆ. ಊರ ಹುಡುಗರು ಅಲ್ಲೇ ನಿಂತಿರ್ತಾರೆ, ಏಡಿ ಸಿಗುತ್ತೆ ಅಂತ. ಮೊದಲ ದಿನ ನೋಡಿದವರು ಚರಂಡಿ ನೀರು ಬಿಡ್ತಿದ್ದಾರೆ ಅಂತ ಗಲಾಟೆ ಮಾಡ್ತಾರೆ. ತಳದಲ್ಲಿ ಗಾಳಿ ಇಲ್ಲದೆ ಕಪ್ಪಾಗಿರೋ ಮರಳು ಅದು. ಕೆಲವು ವಾರ ಬಿಸಿಲು ಕಂಡರೆ ಬೀಚಿನ ಬಣ್ಣಕ್ಕೆ ಬರುತ್ತೆ.

ಚಾಂಪಿಯನ್ ರೀಫ್ 2001
ಕೆಜಿಎಫ್‌ನಿಂದ ಒಂದು ಆಫರ್. ನಮ್ಮಲ್ಲಿ ಸೈನೈಡ್ ಗುಡ್ಡಗಳಿವೆ. ನೂರು ವರ್ಷ ಬಂಡೆ ಅರೆದು ಚಿನ್ನ ತೆಗೆದು ಬಿಟ್ಟ ಪುಡಿ. ಗಾಳಿ ಬಂದರೆ ಊಟದ ತಟ್ಟೆಗೆ ಬೀಳುತ್ತೆ. ಪೂರ್ತಿ ಪಾಂಡಿಚೇರಿಗೆ ಫ್ರೀ, ಲಾರಿ ಬಾಡಿಗೆ ಅವರದ್ದು.

ಅಂದ ಹಾಗೆ ನಮ್ಮ ಗಣಿ ಊರಲ್ಲಿ ರೀಫ್ ಅಂದರೆ ಚಿನ್ನ ಇರೋ ಬಂಡೆಯ ಪಟ್ಟಿ. ಸಮುದ್ರದಲ್ಲಿ ರೀಫ್ ಹಾಕಿದರಂತೆ ಅಂತ ನಮ್ಮಪ್ಪನಿಗೆ ಓದಿ ಹೇಳಿದೆ. "ಅಲ್ಲೂ ಚಿನ್ನ ಸಿಕ್ಕಿತಾ?" ಅಂತ ಕೇಳಿದರು.

ಸಿವಿಲ್ ಸೀನ
ಆ ಪುಡಿ ಗಾಳಿಗೇ ಹಾರುತ್ತೆ ಅಂದ ಮೇಲೆ ಅಲೆಗೆ ನಿಲ್ಲುತ್ತಾ? ಸೈನೈಡ್ ಬೇರೆ. ಬೀಚಿಗೆ ಹಾಕೋ ಮರಳು ಅಲ್ಲಿ ಮೊದಲಿದ್ದ ಮರಳಿನಷ್ಟೇ ದಪ್ಪ ಇರಬೇಕು, ಸ್ವಲ್ಪ ದಪ್ಪ ಆದರೂ ಪರವಾಗಿಲ್ಲ. ಸಣ್ಣದಾದರೆ ಬೇಗ ಹೋಗುತ್ತೆ. ಈ ಕೆಲಸದಲ್ಲಿ ಮೊದಲು ಜರಡಿ, ಆಮೇಲೆ ಹಡಗು.

ಚಿಂತಾಮಣಿ ಸೊಸೆ
ನನ್ನ ತವರು ಉಳ್ಳಾಲದ ಹತ್ತಿರ. ನೀವೆಲ್ಲ ಲೆಕ್ಕದಲ್ಲಿ ಮಾತಾಡುತ್ತಿದ್ದೀರಿ, ನಾನು ಕಂಡಿದ್ದು ಹೇಳುತ್ತೇನೆ.

ನಮ್ಮ ಅಜ್ಜಿ ಮನೆ ಎದುರು ಕಡಲ ಬದಿಗೆ ಹನ್ನೊಂದು ತೆಂಗಿನ ಮರ ಇತ್ತು. ನಾನು ಮದುವೆಯಾಗಿ ಈಚೆ ಬರುವಾಗ ನಾಲ್ಕು. ಮರ ಒಮ್ಮೆಗೇ ಬೀಳುವುದಿಲ್ಲ. ಮೊದಲು ಬುಡದ ಮರಳು ಹೋಗುತ್ತದೆ, ಬೇರು ಗಡ್ಡದ ಹಾಗೆ ಜೋತಾಡುತ್ತದೆ. ಒಂದು ವಾರ ಹಾಗೇ ನಿಲ್ಲುತ್ತದೆ. ರಾತ್ರಿ ಮಲಗಿದಲ್ಲಿಗೇ ಧಡ್ ಅಂತ ಕೇಳುತ್ತದೆ. ಅಜ್ಜಿ ಎದ್ದು ಹೊರಗೆ ಹೋಗುತ್ತಿರಲಿಲ್ಲ, ಕೈಬೆರಳಲ್ಲಿ ಲೆಕ್ಕ ಹಾಕುತ್ತಿದ್ದರು.

ನೇತ್ರಾವತಿ ಮತ್ತು ಗುರುಪುರ ನದಿ ಕಡಲು ಸೇರುವ ಅಳಿವೆಯಲ್ಲಿ ಎರಡು ಬದಿ ಕಲ್ಲಿನ ಗೋಡೆ ಹಾಕಿದ ಮೇಲೆ ನಮ್ಮ ಕಡೆ ಕೊರೆತ ಜೋರಾಯಿತು ಅಂತ ಊರಲ್ಲಿ ಎಲ್ಲರೂ ಹೇಳುತ್ತಾರೆ. ಪ್ರತಿ ಮಳೆಗಾಲ ಲಾರಿಯಲ್ಲಿ ಕಲ್ಲು ತಂದು ಹಾಕುವುದು, ಮುಂದಿನ ಮಳೆಗಾಲಕ್ಕೆ ಅದು ಮರಳಲ್ಲಿ ಹೂತು ಹೋಗುವುದು. ಆಮೇಲೆ ಎಡಿಬಿ (ಏಷ್ಯನ್ ಅಭಿವೃದ್ಧಿ ಬ್ಯಾಂಕ್) ಸಾಲದ ಯೋಜನೆಯಲ್ಲಿ ಅಲ್ಲೂ ನೀರಿನೊಳಗೆ ರೀಫ್ ಕಟ್ಟಿದರು. ಹಾಗಾಗಿ ಬೀಚಿಗೆ ಮರಳು ಹಾಕುವುದು ಟೂರಿಸ್ಟರಿಗೆ ಅಂತ ದಯವಿಟ್ಟು ಹೇಳಬೇಡಿ ಮಾರಾಯ್ರೆ. ನಿಮಗೆ ಅದು ಆಡುವ ಜಾಗ. ನಮಗೆ ಅದು ಕಾಂಪೌಂಡು.

ಟಮಕದ ಹುಡುಗ
ಅಕ್ಕ, ಇದನ್ನು ಭಾವನಿಗೆ ಫಾರ್ವರ್ಡ್ ಮಾಡಿದ್ದೇನೆ. ನೀಲಿ ಟಿಕ್ ಬಂದಿದೆ, ಉತ್ತರ ಇಲ್ಲ.

ಮುಳಬಾಗಿಲು ದೋಸೆ
ಅಕ್ಕನ ಮಾತಿಗೆ ಎದುರು ಹೇಳಲ್ಲ. ಆದರೆ ಹುಡುಗ ಕೇಳಿದ ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಸುರಿದ ಮರಳು ನಿಲ್ಲುತ್ತಾ ಇಲ್ವಾ? ಮರಳೇ ನಿಲ್ಲಲ್ಲ ಅಂದ ಮೇಲೆ ಕಲ್ಲಿನ ಗೋಡೆಯೇ ಗಟ್ಟಿ ಅಲ್ವಾ?

ಸಿವಿಲ್ ಸೀನ
ನಿಲ್ಲಲ್ಲ. ನಿಲ್ಲಲಿ ಅಂತ ಹಾಕೋದೂ ಅಲ್ಲ.

ಸುರಿದ ಮೊದಲ ವರ್ಷ ಬೀಚ್ ಕಣ್ಣೆದುರೇ ಕಿರಿದಾಗುತ್ತೆ. ಪೇಪರಿನಲ್ಲಿ ಕೋಟಿ ಕೋಟಿ ನೀರು ಪಾಲು ಅಂತ ಬರುತ್ತೆ. ಅದರಲ್ಲಿ ಬಹಳಷ್ಟು ಎಲ್ಲೂ ಹೋಗಿರಲ್ಲ. ನೀರಿನೊಳಗೆ ಸ್ವಲ್ಪ ದೂರದಲ್ಲಿ ದಿಬ್ಬ ಆಗಿ ಕೂತಿರುತ್ತೆ. ಬಿರುಗಾಳಿ ಬಂದಾಗ ದೊಡ್ಡ ಅಲೆ ಮೊದಲು ಆ ದಿಬ್ಬದ ಮೇಲೆ ಒಡೆಯುತ್ತೆ, ದಡಕ್ಕೆ ಬರುವಾಗ ಸುಸ್ತಾಗಿರುತ್ತೆ. ಇನ್ನೊಂದಷ್ಟು ಉತ್ತರಕ್ಕೆ ಸಾಗಿ ಮುಂದಿನ ಊರಿನ ಬೀಚ್ ಆಗುತ್ತೆ.

ಕಲ್ಲಿನ ಗೋಡೆ ತನ್ನ ಹಿಂದಿನ ರಸ್ತೆಯನ್ನು ಉಳಿಸುತ್ತೆ, ಅದು ನಿಜ. ಆದರೆ ತನ್ನ ಮುಂದಿನ ಮರಳನ್ನು ಅಲೆ ಇನ್ನೂ ಜೋರಾಗಿ ಕೆರೆಯೋ ಹಾಗೆ ಮಾಡುತ್ತೆ, ಗೋಡೆ ಮುಗಿದ ಕಡೆ ಪಕ್ಕದವರ ದಡ ತಿನ್ನುತ್ತೆ. ಆಮೇಲೆ ಅವರೂ ಗೋಡೆ ಕೇಳ್ತಾರೆ.

ಕೆರೆ ಮೇಷ್ಟ್ರು
ಚೆನ್ನೈನ ಮರೀನಾ ಬೀಚ್ ನೋಡಿದವರೆಲ್ಲ ಅಬ್ಬಾ ಎಷ್ಟು ಅಗಲ ಅನ್ನುತ್ತಾರೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಬಂದರು ಕಟ್ಟಿದ ಮೇಲೆ ಅದರ ದಕ್ಷಿಣಕ್ಕೆ ಮರಳು ನಿಂತು ನಿಂತು ಆದ ಅಗಲ ಅದು. ಅದೇ ಬಂದರಿನ ಉತ್ತರಕ್ಕೆ ರಾಯಪುರಂ ಕಡೆ ಮೀನುಗಾರರ ಬೀದಿಗಳನ್ನು ಕಡಲು ತಿಂದಿತು. ಒಂದು ಕಡೆ ಸಿಕ್ಕಿದ್ದು ಇನ್ನೊಂದು ಕಡೆ ಹೋಗಿದ್ದೇ. ಐದನೇ ಕ್ಲಾಸಿನ ಮಕ್ಕಳಿಗೂ ಹೇಳಿಕೊಡಬಹುದಾದ ಕೂಡು ಕಳೆ ಲೆಕ್ಕ.

ನಂದಿ ತಪ್ಪಲು
ದೋಸೆಯವರಿಗೆ ಒಂದು ಉದಾಹರಣೆ. ನೆದರ್ಲೆಂಡ್ಸ್‌ನವರು ಕಡಲಿಗಿಂತ ತಗ್ಗಿನಲ್ಲಿ ಬದುಕುವ ಜನ, ಗೋಡೆ ಕಟ್ಟೋದರಲ್ಲಿ ಅವರನ್ನು ಮೀರಿಸಿದವರಿಲ್ಲ. ಅವರೇ 1990ರಿಂದ ದಡ ಕಾಯೋಕೆ ಮರಳಿನ ದಾರಿ ಹಿಡಿದಿದ್ದಾರೆ. 2011ರಲ್ಲಿ ಹೇಗ್ ನಗರದ ಹತ್ತಿರ ಒಂದೇ ಜಾಗದಲ್ಲಿ 2.15 ಕೋಟಿ ಘನ ಮೀಟರ್ ಮರಳು ಸುರಿದರು. ಎಲ್ಲಾ ಕಡೆ ಹರಡಲಿಲ್ಲ, ಒಂದೇ ಕಡೆ ಗುಡ್ಡೆ. ಉಳಿದ ಹಂಚುವ ಕೆಲಸ ಗಾಳಿಗೆ, ಅಲೆಗೆ ಬಿಟ್ಟರು. ಅದಕ್ಕೆ ಮರಳಿನ ಮೋಟಾರ್ ಅಂತಲೇ ಹೆಸರು.

ಮಾಲೂರು ಹೆಂಚು
ಟಿಪ್ಪರಿಗೆ ಹತ್ತು ಘನ ಮೀಟರ್ ಹಿಡಿಯಿರಿ. 21 ಲಕ್ಷದ 50 ಸಾವಿರ ಲೋಡ್. ಅಯ್ಯೋ ದೇವರೇ! ನಮ್ಮ ಫಿಲ್ಟರಿನವರು ಮಕ್ಕಳು.

ಬಂಗಾರಪೇಟೆ ಪಾನಿಪುರಿ
ಒಂದು ಡೌಟು. ದುಬೈಯವರು ಕಡಲಲ್ಲಿ ಖರ್ಜೂರದ ಮರದ ಥರ ದ್ವೀಪ ಮಾಡಿದರಲ್ಲ, ಅವರಿಗೆ ಮರಳಿನ ಚಿಂತೆಯೇ ಇಲ್ಲ ಬಿಡಿ. ಊರ ತುಂಬಾ ಮರುಭೂಮಿ.

ಸಿವಿಲ್ ಸೀನ
ಅದಕ್ಕೂ ಕಡಲ ತಳದ ಮರಳನ್ನೇ ಎತ್ತಿದ್ದು. ಮರುಭೂಮಿ ಮರಳು ಗಾಳಿಗೆ ಉರುಳಿ ಉರುಳಿ ತುಂಬಾ ಸಣ್ಣಗೆ, ನುಣ್ಣಗೆ ಆಗಿರುತ್ತೆ. ಅಂಥ ಕೆಲಸಕ್ಕೆ ಬರಲ್ಲ.

ಮುಳಬಾಗಿಲು ದೋಸೆ
ಸರಿ, ಅರ್ಧ ಒಪ್ಪಿದೆ. ಮೀನಿನ ಗತಿ ಏನು? ತಳ ಕೆರೆದರೆ ಅಲ್ಲಿರೋ ಹುಳ ಹುಪ್ಪಟೆ ಎಲ್ಲಾ ಸಾಯಲ್ವಾ?

ಚಿಂತಾಮಣಿ ಸೊಸೆ
ಸಾಯುತ್ತದೆ. ಎತ್ತಿದ ಕಡೆಯೂ, ಸುರಿದ ಕಡೆಯೂ. ಚಿಪ್ಪು, ಮರಳೊಳಗಿನ ಹುಳ ಎಲ್ಲ ಹೂತು ಹೋಗುತ್ತದೆ, ಪುನಃ ಬರಲಿಕ್ಕೆ ಸಮಯ ಬೇಕು. ನೀರು ಕಲಕಿದಷ್ಟು ದಿನ ದಡದ ಬಲೆಯವರಿಗೆ ಕೆಲಸ ಉಂಟು, ಮೀನಿಲ್ಲ. ಆಮೆ ಮೊಟ್ಟೆ ಇಡುವ ಸಮಯದಲ್ಲಿ ಈ ಕೆಲಸ ಮಾಡಲೇಬಾರದು.

ಸಿವಿಲ್ ಸೀನ
ಅಕ್ಕ ಹೇಳಿದ್ದು ಸರಿ. ಇನ್ನೊಂದು ಸೇರಿಸ್ತೀನಿ. ಖರ್ಚು ಉಳಿಸೋಕೆ ದಡಕ್ಕೆ ತೀರಾ ಹತ್ತಿರದಲ್ಲೇ ಹೀರಿದರೆ ಬೀಚಿನ ಕಾಲನ್ನೇ ಕಡಿದ ಹಾಗೆ. ಮೇಲೆ ಸುರಿದಿದ್ದು ಜಾರಿ ಆ ಗುಂಡಿಗೇ ಇಳಿಯುತ್ತೆ. ಆಗ ಭಾವನ ಹುಣಸೆಹಣ್ಣಿನ ಮಾತು ನೂರಕ್ಕೆ ನೂರು ನಿಜ.

ಚಾಂಪಿಯನ್ ರೀಫ್ 2001
ಕೊನೆಗೂ ಭಾವ ಗೆದ್ದರು.

ಮಾಲೂರು ಹೆಂಚು
ವಿಷಯ ಸ್ವಲ್ಪ ಆಚೆ ಹೋಗುತ್ತೆ, ಬೈಯಬೇಡಿ. ನಮ್ಮ ಕೆರೆಗಳ ಹೂಳು? ಮೊದಲೆಲ್ಲ ಬೇಸಿಗೆಯಲ್ಲಿ ಕೆರೆ ಒಣಗಿದಾಗ ಎತ್ತಿನ ಗಾಡಿ ಕಟ್ಟಿಕೊಂಡು ಕೆರೆಗೋಡು ಹೊಡೀತಿದ್ದರು. ಹೊಲಕ್ಕೆ ಗೊಬ್ಬರ, ಕೆರೆಗೆ ಆಳ. ಆಮೇಲೆ ಜೆಸಿಬಿ ಬಂತು. ನಮ್ಮೂರಲ್ಲಿ ಒಬ್ಬ ಗುತ್ತಿಗೆದಾರರು ಕೆರೆ ಮಧ್ಯ ಬಿಟ್ಟು, ಟಿಪ್ಪರ್ ಸುಲಭವಾಗಿ ತಿರುಗೋ ಕಡೆ ಮಾತ್ರ ಬಾವಿ ಥರ ಅಗೆದು ಬಿಲ್ ಮಾಡಿಕೊಂಡು ಹೋದರು. 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಚರಂಡಿ ನೀರು ಶುದ್ಧ ಮಾಡಿದ್ದು, ಬರ್ತಿದೆ, ಲಕ್ಷ್ಮೀಸಾಗರ ಕೆರೆಯಿಂದ ಶುರುವಾಗಿ ಒಂದೊಂದೇ ತುಂಬಿತು. ಈಗ ಒಣಗೋದೇ ಇಲ್ಲ. ಜೆಸಿಬಿ ಇಳಿಸೋದು ಎಲ್ಲಿಗೆ?

ಸಿವಿಲ್ ಸೀನ
ನೀರಿರೋ ಕೆರೆಗೂ ಸಣ್ಣ ತೇಲುವ ಡ್ರೆಜರ್ ಬರುತ್ತೆ. ಆದರೆ ಹೀರಿದ ಗಂಜಿಯನ್ನು ಸೋಸಿ ಒಣಗಿಸೋಕೆ ಎಕರೆಗಟ್ಟಲೆ ಜಾಗ ಬೇಕು.

ಮುಳಬಾಗಿಲು ದೋಸೆ
ಆ ನೀರು ಎರಡು ಸಲ ಶುದ್ಧ ಮಾಡಿ ಬಿಟ್ಟಿದ್ದು, ಮೂರನೇ ಸಲ ಯಾಕೆ ಮಾಡಲ್ಲ? ಅದನ್ನು ಮೊದಲು ಕೇಳಿ.

ನಂದಿ ತಪ್ಪಲು
ದೋಸೆಯವರೇ, ಆ ಜಗಳ ಶುರುವಾದರೆ ಇಲ್ಲಿ ಬೀಚೂ ಇರಲ್ಲ, ಮರಳೂ ಇರಲ್ಲ. ಕೈ ಮುಗಿತೀನಿ.

ಕೆರೆ ಮೇಷ್ಟ್ರು
ಟಮಕದವರೇ, ಆ ಬಾಟಲಿ ಇನ್ನೂ ಇದೆಯೇ? ಮಗುವಿಗೆ ಒಂದು ಕೆಲಸ ಕೊಡಿ. ಎರಡು ಗಾಜಿನ ಲೋಟದಲ್ಲಿ ನೀರು. ಒಂದಕ್ಕೆ ಬೀಚಿನ ಮರಳು ಒಂದು ಚಮಚ, ಇನ್ನೊಂದಕ್ಕೆ ಕೆರೆ ಮಣ್ಣು ಒಂದು ಚಮಚ. ಕಲಕಿ ಬಿಟ್ಟು ಗಡಿಯಾರ ನೋಡಲಿ. ಅಯಸ್ಕಾಂತ ಇದ್ದರೆ ಒಣ ಮರಳಿನ ಮೇಲೆ ಆಡಿಸಲಿ.

ಟಮಕದ ಹುಡುಗ
ಮೇಷ್ಟ್ರೇ, ಮಾಡಿದೆವು. ಫ್ರಿಜ್ ಮೇಲೆ ಅಂಟಿಸಿದ್ದ ತಿರುಪತಿ ಅಯಸ್ಕಾಂತ ಕಿತ್ತುಕೊಂಡು ಆಡಿಸಿದಳು. ಅದಕ್ಕೆ ಕರೀ ಕಣಗಳು ಮೀಸೆ ಥರ ಅಂಟಿಕೊಂಡವು, ಎರಡು ಚಿಟಿಕೆಯಷ್ಟು. ಉಳಿದಿದ್ದು ಬೆಳ್ಳಗೆ, ಸಕ್ಕರೆಗಿಂತ ಸಣ್ಣ.

ಲೋಟದ್ದು: ಬೀಚಿನ ಮರಳು ಅವಳು ಹತ್ತು ಎಣಿಸೋದರೊಳಗೆ ತಳ ಸೇರಿತು, ನೀರು ತಿಳಿ. ಕೆರೆ ಮಣ್ಣಿನ ಲೋಟ ರಾತ್ರಿ ಎಂಟಕ್ಕೆ ಇಟ್ಟಿದ್ದು, ಮಲಗುವಾಗಲೂ ಕೆಂಪಗೇ ಇತ್ತು. ಬೆಳಿಗ್ಗೆಯೂ ಪೂರ್ತಿ ತಿಳಿಯಾಗಿರಲಿಲ್ಲ. ಕೆಸರು ಯಾಕೆ ಬೀಚಿಗೆ ಆಗಲ್ಲ ಅಂತ ನನಗೆ ಸೀನಣ್ಣನ ಪ್ಯಾರಾಗಿಂತ ಇದರಲ್ಲಿ ಬೇಗ ಗೊತ್ತಾಯಿತು, ಸೀನಣ್ಣ ಬೇಜಾರು ಮಾಡಿಕೊಳ್ಳಬೇಡಿ.

ಭಾವ ನಿನ್ನೆ ರಾತ್ರಿ ನಮ್ಮನೆಯಲ್ಲೇ ಉಳಿದಿದ್ದರು. ಬೆಳಿಗ್ಗೆ ಕತ್ತಲಲ್ಲಿ ಎದ್ದು ಬಾಯಾರಿಕೆ ಅಂತ ಟೇಬಲ್ ಮೇಲಿದ್ದ ಲೋಟ ಎತ್ತಿದ್ದಾರೆ.

ಬಂಗಾರಪೇಟೆ ಪಾನಿಪುರಿ
ಯಾವ ಲೋಟ?

ಟಮಕದ ಹುಡುಗ
ಕೆರೆದು.